ಪುಟಗುರುತುಗಳೂ ಕೀಲಿಮಣೆಯೂ

ಓದುತ್ತಿರುವ ಪುಸ್ತಕವನ್ನು ಮಡಚಿಡುವಾಗ ಪುಟಗಳ ನಡುವೆ ನವಿಲುಗರಿಯನ್ನೋ ಬಣ್ಣದ ಕಾಗದದ ಚೂರನ್ನೋ ಇಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಇದೆ. ಮರುದಿನ ಪುಸ್ತಕ ತೆರೆದಾಗ ಬೇಕಾದ ಪುಟ ತಾನಾಗಿಯೇ ಸಿಗುತ್ತದೆ. ಅಂತರ್ಜಾಲವನ್ನು ನಮಗೆ ತೆರೆದು ತೋರಿಸುವ ಬ್ರೌಸರ್ ಎಂಬ ತಂತ್ರಾಂಶದಲ್ಲಿಯೂ ಇಂತಹ ಒಂದು ಏರ್ಪಾಡಿದೆ. ಅದಕ್ಕೆ ಬುಕ್‌ಮಾರ್ಕ್ ಎಂದು ಹೆಸರು. ನಾವು ಪುಟಗುರುತು ಎನ್ನೋಣ. ಪುಸ್ತಕದಲ್ಲಿ ಒಂದು ಗರಿ ಇದ್ದರೆ ಸುಖ. ನೂರು ಗರಿಗಳನ್ನಿಟ್ಟರೆ ಯಾವುದು ಯಾವ ಪುಟಕ್ಕೆಂದು ತಿಳಿಯುವ ಬಗೆ ಹೇಗೆ? ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ಪ್ರಶ್ನೆ ಇತರರಿಗಿಂತ ಹೆಚ್ಚು ಹತ್ತಿರದ್ದು. ನಮ್ಮ ಪಠ್ಯಪುಸ್ತಕ ಕೇರಳದ ಎಸ್.ಸಿ.ಇ.ಆರ್.ಟಿ.ಯಿಂದ ಬರುತ್ತದೆ. ಎಸ್.ಎಸ್.ಎಲ್.ಸಿ.ಯ ಸೂಚನೆಗಳು ತಿರುವನಂತಪುರದ ಪರೀಕ್ಷಾಭವನದಿಂದ ಬರುತ್ತವೆ. ಕನ್ನಡದ ಕವಿಗಳ ಬಗ್ಗೆ ತಿಳಿಯಬೇಕಾದರೆ ಕನ್ನಡ ವಿಕಿಪೀಡಿಯವನ್ನು ತೆರೆಯುತ್ತೇವೆ. ಕಠಿಣ ಪದದ ಅರ್ಥಕ್ಕೆ ವಿ. ಕೃಷ್ಣ ಅವರು ಸಂಗ್ರಹಿಸಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟನ್ನು ನೋಡುತ್ತೇವೆ. ಹೀಗೆ ನಮ್ಮ ಪುಟಗುರುತುಗಳ ಪಟ್ಟಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳು ಬೆರೆತಿರುತ್ತವೆ. ಗಣಕಕೊಠಡಿಯಲ್ಲಿ ಒಂದು ಯಂತ್ರಕ್ಕೆ ಮೂರು ನಾಲ್ಕು ಮಂದಿ. ಸಿಗುವುದು ಒಂದು ಪಿರಿಯಡ್ಡು. ಅದರಲ್ಲಿ ಹತ್ತು ನಿಮಿಷ ಪಟ್ಟಿಯನ್ನು ಮೇಲೆ ಕೆಳಗೆ ಎಳೆಯುವುದರಲ್ಲಿ ಕಳೆದರೆ ಓದಿಗೆ ಉಳಿಯುವುದೆಷ್ಟು?

ಬೇಗನೆ ಹುಡುಕುವ ವಿದ್ಯೆ ಹುಡುಕುವ ಹೊತ್ತಿನಲ್ಲಿ ಆರಂಭವಾಗುವುದಿಲ್ಲ. ಗುರುತು ಇಡುವ ಹೊತ್ತಿನಲ್ಲಿಯೇ ಆರಂಭವಾಗುತ್ತದೆ. ಪುಟವೊಂದು ತೆರೆದಿರುವಾಗ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು 'ಡಿ' ಒತ್ತಿದರೆ ಒಂದು ಸಣ್ಣ ಚೌಕ ತೆರೆಯುತ್ತದೆ. ಅದರಲ್ಲಿ ಆ ಪುಟಕ್ಕೆ ಅದನ್ನು ತಯಾರಿಸಿದವರು ಕೊಟ್ಟ ಹೆಸರು ಕಾಣುತ್ತದೆ. ಎಷ್ಟೋ ಪುಟಗಳ ಹೆಸರು ಇಂಗ್ಲಿಷಿನಲ್ಲಿ 'ಹೋಮ್' ಅಥವಾ 'ವೆಲ್ಕಮ್' ಎಂದಷ್ಟೇ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಒಂದೇ ಹೆಸರಿನ ಐದು ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದಂತಾಗುತ್ತದೆ. ಆದುದರಿಂದ ಆ ಹೆಸರನ್ನು ಅಳಿಸಿ ನಮಗೆ ಬೇಕಾದ ಹೆಸರನ್ನು ಬರೆದು ಎಂಟರ್ ಒತ್ತಬೇಕು. 'ಪಠ್ಯ 10 ಸಮಾಜ', 'ಪಠ್ಯ 10 ಗಣಿತ', 'ನಿಘಂಟು ಅಲರ್', 'ಪರೀಕ್ಷೆ ಫಲಿತಾಂಶ' — ಹೀಗೆ ಮೊದಲು ವರ್ಗ, ಬಳಿಕ ವಿವರ ಬಂದರೆ ಒಂದೇ ಜಾತಿಯವು ಒಂದೇ ಕಡೆ ನಿಲ್ಲುತ್ತವೆ.

ಹೆಸರಿಟ್ಟ ಬಳಿಕ ಕ್ರಮ. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ನಮ್ಮ ನೆರೆಯ ಮಂಗಳೂರಿನಲ್ಲಿ ಪ್ರಕಟವಾಯಿತು. ಅಷ್ಟು ದಪ್ಪದ ಗ್ರಂಥದಲ್ಲಿ ಒಂದು ಪದ ಅರೆ ನಿಮಿಷದಲ್ಲಿ ಸಿಗುವುದು ಅಕಾರಾದಿಯ ಬಲದಿಂದ. ವರ್ಣಮಾಲೆಯ 49 ಅಕ್ಷರಗಳ ಕ್ರಮ ಬಾಯಿಗೆ ಬಂದವನಿಗೆ ಯಾವ ನಿಘಂಟೂ ದೊಡ್ಡದಲ್ಲ. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪುಟಗುರುತುಗಳ ಫೋಲ್ಡರಿನ ಮೇಲೆ ನಿಂತು ಶಿಫ್ಟ್ ಜೊತೆ 'ಎಫ್ 10' ಒತ್ತಿದರೆ ಬರುವ ಪಟ್ಟಿಯಲ್ಲಿ 'ಹೆಸರಿನಂತೆ ಜೋಡಿಸು' ಎಂಬ ಅರ್ಥದ ಆಜ್ಞೆಯಿದೆ. ಹೊಸದಾಗಿ ಸೇರಿಸಿದವು ಪಟ್ಟಿಯ ಕೊನೆಗೆ ಹೋಗುವುದರಿಂದ ಆಗಾಗ ಮತ್ತೆ ಜೋಡಿಸಬೇಕು.

ಇನ್ನು ಕೀಲಿಮಣೆಯ ಕೆಲಸ. ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್ ಜೊತೆ 'ಬಿ' ಒತ್ತಿದರೆ ಪರದೆಯ ಬದಿಯಲ್ಲಿ ಪುಟಗುರುತುಗಳ ಪಟ್ಟಿ ತೆರೆಯುತ್ತದೆ. ಅದರ ಮೇಲ್ಭಾಗದ ಚೌಕದಲ್ಲಿ ಹೆಸರಿನ ಒಂದು ತುಂಡನ್ನು ಬರೆಯುತ್ತಿದ್ದಂತೆ ಹೊಂದದವು ಮರೆಯಾಗಿ ಹೊಂದುವವು ಮಾತ್ರ ಉಳಿಯುತ್ತವೆ. ಟ್ಯಾಬ್ ಒತ್ತಿ ಪಟ್ಟಿಗೆ ಇಳಿದು ಬಾಣದ ಕೀಲಿಯಿಂದ ಆರಿಸಿ ಎಂಟರ್ ಒತ್ತಿದರೆ ಪುಟ ತೆರೆಯುತ್ತದೆ. ಪಟ್ಟಿಯೊಳಗೆ ಬಲಬಾಣ ಫೋಲ್ಡರನ್ನು ತೆರೆಯುತ್ತದೆ, ಎಡಬಾಣ ಮುಚ್ಚುತ್ತದೆ. 'ಹೋಮ್' ಕೀಲಿ ತುದಿಗೆ, 'ಎಂಡ್' ಕೀಲಿ ಬುಡಕ್ಕೆ ಒಯ್ಯುತ್ತದೆ. ತೆರೆದ ಸಾಲುಗಳ ನಡುವೆ ಹೆಸರಿನ ಮೊದಲಕ್ಷರಗಳನ್ನು ತಡೆಯಿಲ್ಲದೆ ಒತ್ತಿದರೆ ಆ ಹೆಸರಿಗೇ ನೇರವಾಗಿ ನೆಗೆಯಬಹುದು. ಅರುವತ್ತು ಹೆಸರುಗಳ ಪಟ್ಟಿಯಲ್ಲಿ ನಾಲ್ವತ್ತನೆಯದಕ್ಕೆ ಕೆಳಬಾಣದಿಂದ ಇಳಿಯಬೇಕಾದರೆ ಸುಮಾರು ನಾಲ್ವತ್ತು ಒತ್ತುಗಳು ಬೇಕು. ಹೆಸರು ತಿಳಿದಿದ್ದರೆ ಎರಡು ಮೂರು ಸಾಕು.

ಪಟ್ಟಿಯನ್ನು ತೆರೆಯದೆಯೂ ಹುಡುಕಬಹುದು. ಕಂಟ್ರೋಲ್ ಜೊತೆ 'ಎಲ್' ಒತ್ತಿದರೆ ವಿಳಾಸ ಬರೆಯುವ ಸಾಲಿಗೆ ಹೋಗುತ್ತೇವೆ. ಫೈರ್‌ಫಾಕ್ಸಿನಲ್ಲಿ ಅಲ್ಲಿ ನಕ್ಷತ್ರ ಚಿಹ್ನೆ (*) ಹಾಕಿ ಸ್ಥಳ ಬಿಟ್ಟು 'ನಿಘಂಟು' ಎಂದು ಬರೆದರೆ ಪುಟಗುರುತುಗಳಲ್ಲಿ ಮಾತ್ರ ಹುಡುಕುತ್ತದೆ. ಕ್ರೋಮ್ ಬ್ರೌಸರಿನಲ್ಲಿ ಇದೇ ಸೌಕರ್ಯ 2022ರ ಕೊನೆಯಲ್ಲಿ ಬಂತು. ಅಲ್ಲಿ 'ಆ್ಯಟ್' ಚಿಹ್ನೆಗೆ (@) ಅಂಟಿಸಿ ಇಂಗ್ಲಿಷ್ ಅಕ್ಷರಗಳಲ್ಲಿ 'ಬುಕ್‌ಮಾರ್ಕ್ಸ್' ಎಂದು ಬರೆದು, ಟ್ಯಾಬ್ ಒತ್ತಿ, ಬಳಿಕ ಬೇಕಾದ ಪದವನ್ನು ಬರೆಯಬೇಕು. ಕ್ರೋಮಿನ ಇಡೀ ಪಟ್ಟಿಯನ್ನು ನೋಡಲು ಕಂಟ್ರೋಲ್, ಶಿಫ್ಟ್, 'ಓ' ಮೂರನ್ನೂ ಒಟ್ಟಿಗೆ ಒತ್ತಬೇಕು.

ಇಲ್ಲಿ ಕನ್ನಡ ಅಧ್ಯಾಪಕರಾದ ನಮ್ಮ ಮಾತು ಒಂದಿದೆ. ಪುಟಗುರುತಿಗೆ ಕನ್ನಡದಲ್ಲಿ ಹೆಸರಿಟ್ಟರೆ ಹುಡುಕುವಾಗಲೂ ಕನ್ನಡದಲ್ಲಿಯೇ ಒತ್ತಬೇಕಲ್ಲ, ಅದು ಕಷ್ಟವೆಂದು ಮಕ್ಕಳು ಹೇಳುತ್ತಾರೆ. ಕಷ್ಟ ಅಷ್ಟೇನಿಲ್ಲ. ಗಣಕದಲ್ಲಿ ಕನ್ನಡದ ಕೀಲಿವಿನ್ಯಾಸವನ್ನು ಒಮ್ಮೆ ಸೇರಿಸಿಟ್ಟರೆ ನಮ್ಮ ಶಾಲೆಗಳ ಉಬುಂಟುವಿನಲ್ಲಿಯೂ ವಿಂಡೋಸಿನಲ್ಲಿಯೂ ವಿಂಡೋಸ್ ಚಿಹ್ನೆಯ ಕೀಲಿಯೊಡನೆ ಸ್ಪೇಸ್ ಒತ್ತಿ ಭಾಷೆಯನ್ನು ಬದಲಿಸಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದ 'ಕ' ಇರುವ ಕೀಲಿಯಲ್ಲಿಯೇ ಮಲಯಾಳದ 'ಕ'ವೂ ಇದೆ. ಮಲಯಾಳವನ್ನು ಈ ವಿನ್ಯಾಸದಲ್ಲಿ ಕಲಿತ ಬೆರಳುಗಳಿಗೆ ಕನ್ನಡ ಬಂದಂತೆಯೇ ಸರಿ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದೊಂದು ಲಾಭ.

ಇನ್ನೊಂದು ಸಂಗತಿ. ಈ ವಿನ್ಯಾಸದಲ್ಲಿ ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ ಬರುತ್ತದೆ. 'ಟ' ಇರುವಲ್ಲಿಯೇ 'ಠ'. 'ಪಠ್ಯ' ಎಂದು ಹೆಸರಿಟ್ಟು 'ಪಟ್ಯ' ಎಂದು ಹುಡುಕಿದರೆ ಗಣಕ ಬರಿಗೈ ತೋರಿಸುತ್ತದೆ. ಅಧ್ಯಾಪಕರು ಕೆಂಪು ಗೆರೆ ಎಳೆದು ಕ್ಷಮಿಸಬಹುದು. ಯಂತ್ರಕ್ಕೆ ಕ್ಷಮೆಯೆಂಬುದು ಗೊತ್ತಿಲ್ಲ. ಕಾಗುಣಿತವನ್ನು ಯಾಕೆ ಕಲಿಯಬೇಕೆಂದು ಕೇಳುವವರಿಗೆ ಇದೂ ಒಂದು ಉತ್ತರ.

ಮೌಸ್ ಇರುವಾಗ ಇಷ್ಟೆಲ್ಲ ಯಾಕೆಂದು ಹೆತ್ತವರು ಕೇಳಬಹುದು. ಕಣ್ಣು ಕಾಣದವರಿಗೆ ಪರದೆಯ ಮೇಲಿನ ಮೌಸ್ ಬಾಣ ಉಪಯೋಗಕ್ಕೆ ಬಾರದು. ಅವರು ಪರದೆಯ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವನ್ನು ಕೇಳುತ್ತ ಕೀಲಿಮಣೆಯಿಂದಲೇ ಎಲ್ಲವನ್ನೂ ನಡೆಸುತ್ತಾರೆ. ಉಬುಂಟುವಿನಲ್ಲಿ 'ಓರ್ಕಾ' ಅಂತಹ ತಂತ್ರಾಂಶ. ವಿಂಡೋಸಿಗೆ ಉಚಿತವಾಗಿ ಸಿಗುವ 'ಎನ್.ವಿ.ಡಿ.ಎ.' ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ಅಂಧ ಯುವಕರು. ಹತ್ತು ಕಡೆ 'ಹೋಮ್' ಎಂದಿರುವ ಪಟ್ಟಿ ಇಂತಹ ಓದುಗರ ಕಿವಿಗೆ ಹತ್ತು ಸಲ 'ಹೋಮ್' ಎಂದೇ ಕೇಳಿಸುತ್ತದೆ. ಸರಿಯಾದ ಹೆಸರಿದ್ದರೆ ಅವರೂ ನಮ್ಮಷ್ಟೇ ಬೇಗ ಪುಟ ಸೇರುತ್ತಾರೆ. ಶಾಲೆಯ ಗಣಕದ ಪಟ್ಟಿ ಒಬ್ಬರ ಸೊತ್ತಲ್ಲ ಎಂಬುದನ್ನು ಹೆಸರಿಡುವಾಗ ನೆನೆಯಬೇಕು.

ಅದೇ ಕಾರಣದಿಂದ ಪುಟಗುರುತಿನ ಹೆಸರಿನಲ್ಲಿ ಗುಪ್ತಪದವನ್ನೋ ಫೋನ್ ಸಂಖ್ಯೆಯನ್ನೋ ಬರೆಯಬಾರದು. ಪಟ್ಟಿಯ ಪ್ರತಿಯೊಂದನ್ನು ಕಡತವಾಗಿ ತೆಗೆದು ಪೆನ್‌ಡ್ರೈವಿನಲ್ಲಿ ಇರಿಸಿಕೊಂಡರೆ ಯಂತ್ರ ಕೆಟ್ಟರೂ ಪಟ್ಟಿ ಉಳಿಯುತ್ತದೆ. ಮನೆಯಲ್ಲಿ ಫೋನು ಮಾತ್ರ ಇರುವವರಿಗೂ ಹೆಸರಿಡುವ ಕ್ರಮ ಹಾಗೆಯೇ ಅನ್ವಯಿಸುತ್ತದೆ.

ಮಕ್ಕಳೇ, ಮುಂದಿನ ಸಲ ಗಣಕಕೊಠಡಿಗೆ ಹೋದಾಗ ಹತ್ತು ಪುಟಗುರುತುಗಳಿಗೆ ಒಪ್ಪುವ ಕನ್ನಡ ಹೆಸರಿಟ್ಟು, ಅಕಾರಾದಿಯಲ್ಲಿ ಜೋಡಿಸಿ, ಮೌಸನ್ನು ಮುಟ್ಟದೆ ಒಂದೊಂದನ್ನೂ ತೆರೆದು ನೋಡಿರಿ. ಬಳಿಕ ಪಕ್ಕದಲ್ಲಿ ಕುಳಿತವರಿಗೆ ಅದನ್ನು ಕಲಿಸಿಕೊಡಿರಿ.