ಕಣ್ಣಿನ ಕಲಿಕೆ, ಕಿವಿಯ ಕಲಿಕೆ ಮತ್ತು ಕಾನೂನಿನ ವಿದ್ಯಾರ್ಥಿ

“ಕೇಳಿದ್ದು ನನಗೆ ತಲೆಗೆ ಹತ್ತುತ್ತದೆ, ಓದಿದ್ದು ಹತ್ತುವುದಿಲ್ಲ” ಎನ್ನುವ ವಿದ್ಯಾರ್ಥಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಕಾನೂನು ಕಾಲೇಜನ್ನು ಸೇರಬೇಕೆಂದಿರುವ ಹುನಗುಂದದ ಹುಡುಗನೊಬ್ಬನು ಹೀಗೆಂದುಕೊಂಡರೆ ಅದು ಸಣ್ಣ ಮಾತಲ್ಲ. ನ್ಯಾಯಾಲಯದ ದೊಡ್ಡ ತೀರ್ಪುಗಳು ನೂರಾರು ಪುಟಗಳ ಬರಹ; ತಾನು ಕಿವಿಯಿಂದ ಮಾತ್ರ ಕಲಿಯುವವನೆಂದು ನಂಬಿದವನು ಆ ದಾರಿಯನ್ನೇ ಬಿಟ್ಟಾನು. ಈ ನಂಬಿಕೆಗೆ ಆಧಾರವೇನು?

1992ರಲ್ಲಿ ನ್ಯೂಜಿಲೆಂಡಿನ ಫ್ಲೆಮಿಂಗ್ ಮತ್ತು ಮಿಲ್ಸ್ ಎಂಬುವರು ಕಲಿಯುವವರನ್ನು ನೋಡುವವರು, ಕೇಳುವವರು, ಓದಿ ಬರೆಯುವವರು, ಕೈಯಿಂದ ಮಾಡುವವರು ಎಂದು ವಿಂಗಡಿಸಿದರು. ಅಭಿರುಚಿಯಲ್ಲಿ ಇಂತಹ ಭೇದಗಳಿರುವುದು ನಿಜ. ಅಭಿರುಚಿಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುವುದೆ ಎಂಬುದು ಬೇರೆ ಪ್ರಶ್ನೆ. ಅದನ್ನು ತಿಳಿಯಲು ‘ಕಣ್ಣಿನವರು’, ‘ಕಿವಿಯವರು’ ಎರಡೂ ಗುಂಪುಗಳಲ್ಲಿ ಅರ್ಧದಷ್ಟು ಮಂದಿಗೆ ಚಿತ್ರದಿಂದ, ಉಳಿದವರಿಗೆ ಮಾತಿನಿಂದ ಕಲಿಸಿ, ಎಲ್ಲರಿಗೂ ಒಂದೇ ಪರೀಕ್ಷೆಯನ್ನು ಕೊಡಬೇಕು. 2008ರಲ್ಲಿ ಪ್ಯಾಷ್ಲರ್ ಮೊದಲಾದ ನಾಲ್ವರು ಮನಶ್ಶಾಸ್ತ್ರಜ್ಞರು ಇದೇ ಒರೆಗಲ್ಲಿನಿಂದ ಹಿಂದಿನ ಸಂಶೋಧನೆಗಳನ್ನು ನೋಡಿದಾಗ, ಹೀಗೆ ನಡೆದ ಪ್ರಯೋಗಗಳೇ ಅತಿ ವಿರಳವೆಂದೂ, ನಂಬಿಕೆಯನ್ನು ಎತ್ತಿಹಿಡಿಯುವಷ್ಟು ಪುರಾವೆಯಿಲ್ಲವೆಂದೂ ಕಂಡಿತು.

ಯಾವ ಇಂದ್ರಿಯ ಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಲಿಯುವ ವಸ್ತು. ಬಾದಾಮಿಯ ಗುಹೆಯ ಶಿಲ್ಪವನ್ನು ‘ಕಿವಿಯವನೂ’ ನೋಡಿಯೇ ತಿಳಿಯಬೇಕು. ಅದೇ ಊರಿನ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ತ್ರಿಪದಿಯ ಲಯವನ್ನು ‘ಕಣ್ಣಿನವನೂ’ ಕೇಳಿಯೇ ತಿಳಿಯಬೇಕು. ಕಾನೂನಿನ ವಸ್ತು ಬರೆದ ಮಾತು.

ಹಾಗಾದರೆ ಓದುವುದು ಹೇಗೆ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಕೆಲವರು ಒಮ್ಮೆ ಓದಿ, ಅನಂತರ ಪಾಠವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಎರಡು ಸಲ ಓದಿದವರೇ ಮುಂದು: ಶೇಕಡ 81, ಬರೆದವರು 75. ಒಂದು ವಾರದ ತರುವಾಯ ಓದಿದವರಲ್ಲಿ ಉಳಿದದ್ದು 42, ಬರೆದವರಲ್ಲಿ 56. ಆ ಮೊದಲ ಐದು ನಿಮಿಷಗಳ ಸುಖವೇ ನಮ್ಮನ್ನು ಮೋಸಗೊಳಿಸುವುದು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯನ್ನೇ ತೆಗೆದುಕೊಳ್ಳಿ. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠವು 7ಕ್ಕೆ 6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲರಚನೆಯನ್ನು ಕೆಡಿಸಲಾಗದು ಎಂದಿತು. ಹತ್ತು ಸಲ ಕೇಳಿದವನಿಗೆ ಇದು ಪರಿಚಿತವೆನಿಸುವುದು. ಪುಸ್ತಕವನ್ನು ಮುಚ್ಚಿ ಕೇಳಿಕೊಳ್ಳಲಿ: 13 ಮಂದಿಯೇ ಏಕೆ? 1967ರ ಗೋಲಕನಾಥ ತೀರ್ಪನ್ನು ಕೊಟ್ಟದ್ದು 11 ಮಂದಿಯ ಪೀಠ. ಅದನ್ನು ಮರುಪರಿಶೀಲಿಸಲು ಅದಕ್ಕಿಂತ ದೊಡ್ಡದು ಬೇಕಾಯಿತು.

ಇದಕ್ಕಿಂತ ಕಠಿನವಾದದ್ದು ಕಲಿತ ನಿಯಮವನ್ನು ಹೊಸ ಸಂಗತಿಗೆ ಹಚ್ಚುವುದು. ಬೇರೆ ಊರಿನಲ್ಲಿ ನೆಯ್ದ ಬಟ್ಟೆಯನ್ನು ವರ್ತಕನೊಬ್ಬನು ಇಳಕಲ್ ಸೀರೆಯೆಂದು ಮಾರಿದನೆನ್ನಿ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯಂತೆ ಇಳಕಲ್ಲಿನ ನೇಕಾರನು ದಾವೆ ಹೂಡಬಹುದೆ? “ಹೌದು” ಎಂದರೆ ಅಂಕ ಬರದು. ಆ ಹೆಸರು ನೋಂದಣಿಯಾಗಿದೆಯೆ? ನೇಕಾರನು ಅಧಿಕೃತ ಬಳಕೆದಾರನಾಗಿ ನೋಂದಾಯಿತನೆ? ಗ್ರಾಹಕನು ಮೋಸಹೋಗುವ ಸಂಭವವಿದೆಯೆ? ಇಂತಹ ಒಂದು ಕಲ್ಪಿತ ಸಂಗತಿಯನ್ನು ತಾನೇ ಹೆಣೆದುಕೊಂಡು, ಉತ್ತರವನ್ನು ನೆನಪಿನಿಂದ ಬರೆದು, ಅನಂತರವೇ ಕಾಯಿದೆಯ ಪುಸ್ತಕವನ್ನು ತೆರೆದು ಕಲಮುಗಳೊಡನೆ ತಾಳೆ ನೋಡಬೇಕು.