ಅಜ್ಜನ ಕೋವಿಗೆ ಹೊಸ ತೋಟಾ

ಸೆಪ್ಟೆಂಬರ್ 3, ಕೈಲ್‌ಪೊಳ್ದ್. ಕೊಡಗಿನಲ್ಲಿ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ ಅಂದು ಕೋವಿಗಳಿಗೆ ಹಬ್ಬ. ಒರೆಸಿ, ಎಣ್ಣೆ ಸವರಿ, ಒಡಿಕತ್ತಿ ಪೀಚೆಕತ್ತಿಗಳ ಜೊತೆ ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಹೂ ಮಾತ್ರ ಬೇರೆ ಊರಿನವರಿಗೂ ಪರಿಚಿತವೇ: ಬೇಲಿಯ ಮೇಲೆ ಹಬ್ಬುವ ಅಗ್ನಿಶಿಖೆ. ಪೂಜೆ, ಊಟ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಆ ಸಾಲಿನಲ್ಲಿ ಮುತ್ತಜ್ಜನ ಕಾಲದ ಕೇಪಿನ ಕೋವಿ ಇರುತ್ತದೆ, ಯಾವುದೋ ದೊರೆ ತೋಟ ಬಿಟ್ಟು ಹೋಗುವಾಗ ಮಾರಿದ ಇಂಗ್ಲಿಷ್ ಜೋಡುನಳಿಗೆ ಇರುತ್ತದೆ, ಮೊನ್ನೆ ಮೊನ್ನೆ ಅಂಗಡಿಯಿಂದ ತಂದ ಒಂಟಿನಳಿಗೆಯೂ ಇರುತ್ತದೆ. ಪೂಜೆಗೆ ಎಲ್ಲವೂ ಒಂದೇ. ತೋಟಾ ತುಂಬಿ ಹೊಡೆಯುವ ಹೊತ್ತಿಗೆ ಒಂದೇ ಅಲ್ಲ.

ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದ ಮಲೆನಾಡು, ಕರಾವಳಿಯ ಕೃಷಿಕರೆಲ್ಲ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಒಂದು ಸಮಾಧಾನವೆಂದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬಡವನ ಕೋವಿಯನ್ನು ಬೇರೆಯಾಗಿ ಕಂಡಿದೆ. ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ ಕೋವಿ, ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ ಎಂದು ಅದು ಹೆಸರಿಟ್ಟೇ ಹೇಳುತ್ತದೆ. ಅಂದ ಮಾತ್ರಕ್ಕೆ ಬೇಟೆಗೆ ದಾರಿ ತೆರೆಯಿತು ಎಂದಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಈಗ ಬೇಟೆ ಅಪರಾಧ. ತೋಟದ ಮನೆಯ ಕೋವಿ ಈಗ ಹೆಚ್ಚಾಗಿ ಸದ್ದು ಮಾಡಲಿಕ್ಕೆ, ಧೈರ್ಯಕ್ಕೆ, ಹಬ್ಬಕ್ಕೆ.

ಪರವಾನಗಿ ಪುಸ್ತಕದಲ್ಲಿ ಬರೆಯುವ ಎಸ್‌ಬಿಎಂಎಲ್, ಎಸ್‌ಬಿಬಿಎಲ್, ಡಿಬಿಬಿಎಲ್ ಎಂಬ ಅಕ್ಷರಗಳು ಹೆದರಿಸುವಂತಿವೆ. ಕನ್ನಡದಲ್ಲಿ ಅವೇ ಕೇಪಿನ ಕೋವಿ, ಒಂಟಿನಳಿಗೆ ತೋಟಾ ಕೋವಿ, ಜೋಡುನಳಿಗೆ ತೋಟಾ ಕೋವಿ. ಇವುಗಳಲ್ಲಿ ‘12 ಬೋರ್’ ಎಂಬುದೂ ಹಳೆಯ ತೂಕದ ಲೆಕ್ಕವೇ. ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಒಳಗು ಅಷ್ಟು, ಸುಮಾರು 18.5 ಮಿ.ಮೀ. ಇಪ್ಪತ್ತು ಉಂಡೆ ಮಾಡಿದರೆ 20 ಬೋರ್. ಸಂಖ್ಯೆ ಏರಿದಷ್ಟೂ ನಳಿಗೆ ಕಿರಿದು. ಕೈಯಲ್ಲಿ ಕಾಸು ಕಡಿಮೆ ಇರುವವರು 12 ಬೋರನ್ನೇ ಹಿಡಿಯುವುದು ಲೇಸು, ಏಕೆಂದರೆ ತೋಟಾ ಸಿಗುವುದು ಅದಕ್ಕೆ. 16 ಬೋರಿನ ಚೆಂದದ ಹಳೆಯ ಕೋವಿ ಅಗ್ಗಕ್ಕೆ ಬಂತೆಂದು ತಂದವರು ಆಮೇಲೆ ತೋಟಾ ಹುಡುಕಿಕೊಂಡು ಊರೂರು ಅಲೆಯಬೇಕಾಗುತ್ತದೆ.

ಕಡಿಮೆ ಕಾಸಿಗೆ ಯಾವ ಕೋವಿ ಒಳ್ಳೆಯದು ಎಂದು ಅಮೆರಿಕದಲ್ಲಿ ಕೇಳಿದರೆ ಉತ್ತರ ಸಲೀಸು: 1950ರಲ್ಲಿ ಬಂದ ರೆಮಿಂಗ್ಟನ್ 870, ಅಥವಾ 1961ರ ಮಾಸ್‌ಬರ್ಗ್ 500. ಎರಡೂ ನಳಿಗೆಯಡಿಯ ಮುಂಗೈ ಮರವನ್ನು ಎಳೆದು ತಳ್ಳಿ ತೋಟಾ ಏರಿಸುವ ಪಂಪ್ ಕೋವಿಗಳು. ಲಕ್ಷಾಂತರ ಇರುವುದರಿಂದ ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತವೆ. ಭಾರತದಲ್ಲಿ ಆ ಮಾತು ನಡೆಯದು. 1980ರ ದಶಕದ ಮಧ್ಯದಿಂದ ಇಲ್ಲಿ ವ್ಯಾಪಾರಕ್ಕೆಂದು ಕೋವಿ ಆಮದು ಮಾಡಲು ಬಿಟ್ಟಿಲ್ಲ. ಹಾಗಾಗಿ ಹಳೆಯ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್‌ಗಳಿಗೆ ಅವುಗಳ ತವರಿನಲ್ಲಿ ಇಲ್ಲದ ಬೆಲೆ ಇಲ್ಲಿದೆ. ಆ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರಿನದ್ದು, ಉಳಿದದ್ದು ಕಬ್ಬಿಣದ್ದು.

ಉಳಿದ ದಾರಿ ಎರಡು. ಒಂದು ಸರ್ಕಾರಿ ಮಾಲು. ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯ 12 ಬೋರ್ ಜೋಡುನಳಿಗೆ, ತಿರುಚಿರಾಪಳ್ಳಿಯಲ್ಲಿ ತಯಾರಾಗುವ ಪಂಪ್ ಕೋವಿ. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಲೆಟರ್‌ಹೆಡ್ ಬದಲಾಗಿದೆ. ಇಛಾಪುರದ ಜೋಡುನಳಿಗೆಗೆ ನಾಜೂಕು ಅಷ್ಟಕ್ಕಷ್ಟೆ, ಆದರೆ ಉಕ್ಕಿನಲ್ಲಿ ಜಿಪುಣತನವಿಲ್ಲ. ಇನ್ನೊಂದು ದಾರಿ ಜಮ್ಮು ಮತ್ತು ಬಿಹಾರದ ಮುಂಗೇರ್‌ನ ಖಾಸಗಿ ಕಮ್ಮಟಗಳದ್ದು. ಮುಂಗೇರ್‌ಗೆ ದೊಡ್ಡ ಇತಿಹಾಸವಿದೆ. 1760ರ ದಶಕದ ಆರಂಭದಲ್ಲಿ ಬಂಗಾಳದ ನವಾಬ ಮೀರ್ ಖಾಸಿಂ ರಾಜಧಾನಿಯನ್ನು ಮುರ್ಷಿದಾಬಾದಿನಿಂದ ಅಲ್ಲಿಗೆ ಒಯ್ದು, ಅರ್ಮೇನಿಯದ ಗುರ್ಗಿನ್ ಖಾನನ ಕೈಯಲ್ಲಿ ಬಂದೂಕಿನ ಕಾರ್ಖಾನೆ ಹಾಕಿಸಿದ. ನವಾಬಿ ಎರಡೇ ಮೂರು ವರ್ಷದಲ್ಲಿ ಮುಗಿಯಿತು, ಕಸುಬು ಮುಗಿಯಲಿಲ್ಲ. ಇವತ್ತು ಪತ್ರಿಕೆಯಲ್ಲಿ ಮುಂಗೇರ್ ಎಂದರೆ ಕಳ್ಳ ಪಿಸ್ತೂಲಿನ ಸುದ್ದಿಯೇ ಹೆಚ್ಚು. ಅದೇ ಊರಿನಲ್ಲಿ ಪರವಾನಗಿ ಪಡೆದು, ನಂಬರು ಹೊಡೆದು ಮಾರುವವರೂ ಇದ್ದಾರೆ ಎಂಬುದು ಮರೆತೇ ಹೋಗುತ್ತದೆ. ಅವರ ಒಂಟಿನಳಿಗೆ ಅಂಗಡಿಯಲ್ಲಿ ಸಿಗುವ ಅಗ್ಗದ ಕೋವಿಗಳಲ್ಲೊಂದು. ಕೈಕೆಲಸವಾದ್ದರಿಂದ ಒಂದು ಅಚ್ಚುಕಟ್ಟು, ಪಕ್ಕದ್ದು ಅರೆಬರೆ. ಇಲ್ಲಿ ಕಂಪನಿ ನೋಡಿ ಕೊಳ್ಳುವುದಲ್ಲ, ಎತ್ತಿನ ಹಲ್ಲು ಸುಳಿ ನೋಡುವ ಹಾಗೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು.

ಬಜೆಟ್ ಚಿಕ್ಕದಾದರೆ ಒಂಟಿನಳಿಗೆಯೇ ಸರಿ ಎಂಬುದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಒಂದು ನಳಿಗೆ, ಒಂದು ಕೀಲು, ಒಂದು ಕುದುರೆ, ಒಂದು ಟ್ರಿಗರ್. ಕೆಡುವುದಕ್ಕೆ ಸಾಮಾನೇ ಕಡಿಮೆ. ಜೋಡುನಳಿಗೆಯ ಕಥೆ ಬೇರೆ. ಎರಡು ನಳಿಗೆಗಳನ್ನು ಪಕ್ಕಪಕ್ಕ ಬೆಸೆದು, ಎರಡೂ ಒಂದೇ ಕಡೆ ಗುರಿ ಹೊಡೆಯುವಂತೆ ಕೂರಿಸುವುದು ಕೋವಿ ಕೆಲಸದಲ್ಲೇ ಕಷ್ಟದ ಪಾಠ. ಆದ್ದರಿಂದ ಅಗ್ಗದ ಒಂಟಿನಳಿಗೆ ಚೆನ್ನಾಗಿರಬಹುದು, ಅಗ್ಗದ ಜೋಡುನಳಿಗೆ ಚೆನ್ನಾಗಿರುವುದು ಅಪರೂಪ. ಒಂಟಿನಳಿಗೆಯ ದೋಷವೆಂದರೆ ಒದೆ. ತೂಕ ಕಡಿಮೆಯಾದಷ್ಟೂ ಹೆಗಲಿಗೆ ಪೆಟ್ಟು ಹೆಚ್ಚು.

ಅಂಗಡಿಯಲ್ಲಿ ಕೋವಿ ಕೈಗೆ ಬಂದಾಗ ಮೊದಲು ಕೀಲಿನ ಬಳಿ ಬಾಗಿಸಿ ತೆರೆದು ನೋಡಿ, ಖಾಲಿ ಎಂದು ಖಾತರಿ ಮಾಡಿಕೊಳ್ಳಬೇಕು. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಬಳೆಬಳೆಯಾಗಿ ಬೆಳಕು ಹರಿಯುತ್ತದೆ. ಬಳೆ ಎಲ್ಲಿ ಮುರಿಯುತ್ತದೋ ಅಲ್ಲಿ ನಗ್ಗು, ಎಲ್ಲಿ ನೆರಳಿನ ಉಂಗುರ ಕಾಣುತ್ತದೋ ಅಲ್ಲಿ ಉಬ್ಬು. ನಗ್ಗನ್ನು ನುರಿತ ಕೆಲಸಗಾರ ತೆಗೆಯಬಲ್ಲ. ಉಬ್ಬಿದ ನಳಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಜೋಡುನಳಿಗೆಯಾದರೆ ನಳಿಗೆಗಳನ್ನು ಬಿಚ್ಚಿ, ಕೊಕ್ಕೆಯಿಂದ ತೂಗಿ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಗಂಟೆಯಂತೆ ಮೊಳಗಿದರೆ ಬೆಸುಗೆ ಗಟ್ಟಿ. ಬಿರುಕು ಬಿಟ್ಟ ಮಡಕೆಯಂತೆ ಸದ್ದು ಬಂದರೆ ಎಲ್ಲೋ ಬಿಟ್ಟುಕೊಂಡಿದೆ. ಮುಂಗೈ ಮರ ತೆಗೆದು, ಕೋವಿ ಮುಚ್ಚಿ ಅಲುಗಾಡಿಸಿದಾಗ ಗಡಗಡ ಎಂದರೆ ಕೀಲು ಸವೆದಿದೆ. ನಳಿಗೆಯ ಬುಡಕ್ಕೂ ಹಿಂದಿನ ಗೋಡೆಗೂ ನಡುವೆ ಬೆಳಕು ಕಂಡರೆ ಮಾತೇ ಇಲ್ಲ, ಬೇಡ. ಮರದ ಹಿಡಿ ಕೈಗೆ ಕಿರಿದಾಗುವ ಕಡೆ, ಅಂದರೆ ಮಣಿಕಟ್ಟಿನ ಭಾಗದಲ್ಲಿ, ಕೂದಲೆಳೆಯ ಬಿರುಕಿದೆಯೇ ಎಂದು ಉಗುರು ಆಡಿಸಿ ನೋಡಬೇಕು. ಕೆತ್ತನೆ, ಪಾಲಿಷು ನೋಡುವುದು ಕೊನೆಗೆ. ಹೊಸ ಪಾಲಿಷಿನಡಿ ಹಳೆಯ ತುಕ್ಕಿನ ಗುಳಿ ಮುಚ್ಚಿಡುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಇಷ್ಟೆಲ್ಲ ಪಾಸಾದ ಕೋವಿಯೂ ಒಂದು ತೋಟಾದಿಂದ ಕೈ ಕಳೆಯಬಹುದು. ಹಳೆಯ ಇಂಗ್ಲಿಷ್ 12 ಬೋರ್‌ಗಳ ತೋಟಾ ಮನೆ ಹೆಚ್ಚಾಗಿ ಎರಡೂವರೆ ಇಂಚು, ಎಂದರೆ ಸುಮಾರು 65 ಮಿ.ಮೀ. ಇವತ್ತಿನ ಸಾಮಾನ್ಯ ತೋಟಾ 70 ಮಿ.ಮೀ. ವಿಚಿತ್ರವೆಂದರೆ ಅದು ಹಳೆಯ ಕೋವಿಯಲ್ಲಿ ಸರಾಗವಾಗಿ ಕೂರುತ್ತದೆ, ಕೋವಿ ಸಲೀಸಾಗಿ ಮುಚ್ಚುತ್ತದೆ. ಏಕೆಂದರೆ 70 ಎಂಬುದು ಹೊಡೆದ ಮೇಲಿನ ಉದ್ದ. ಹೊಡೆಯುವ ಮುಂಚೆ ಬಾಯಿ ಮಡಿಚಿರುವುದರಿಂದ ತೋಟಾ ಗಿಡ್ಡವಾಗಿರುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಂಡು ನಳಿಗೆ ಕಿರಿದಾಗುವ ಕಂಠದೊಳಗೆ ಚಾಚುತ್ತದೆ, ಚರೆಗೆ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ‘ಕೂತಿತಲ್ಲ, ಸರಿ ಇದೆ’ ಎಂಬ ಲೆಕ್ಕ ಕೈ ಕೊಡುವುದು ಇಲ್ಲಿಯೇ.

ನಳಿಗೆಯ ಮೈಮೇಲೆ ನೀರಿನ ಅಲೆಯಂಥ ಚಿತ್ತಾರವಿದ್ದರೆ ಅದು ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ನೋಡಲು ರೇಷ್ಮೆ ಸೀರೆಯ ಅಂಚು. ಆದರೆ ಹೆಚ್ಚಿನವು ಕಪ್ಪು ಮದ್ದಿನ ಕಾಲದವು, ಹೊಗೆಯಿಲ್ಲದ ಇಂದಿನ ಮದ್ದಿನ ಒತ್ತಡಕ್ಕೆ ಪರೀಕ್ಷೆಯಾದವಲ್ಲ. ಇದನ್ನೆಲ್ಲ ಕೋವಿಯೇ ಹೇಳುತ್ತದೆ. ನಳಿಗೆ ಬಿಚ್ಚಿ ಬುಡದ ಚಪ್ಪಟೆ ಭಾಗ ನೋಡಿದರೆ ಪರೀಕ್ಷೆಯ ಮುದ್ರೆಗಳಿರುತ್ತವೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನದು, ಇಲ್ಲವೇ ಬೆಲ್ಜಿಯಂನ ಲೀಜ್ ನಗರದ, ಅಂಡಾಕಾರದೊಳಗೆ ಇ.ಎಲ್.ಜಿ. ಎಂಬ ಅಕ್ಷರಗಳಿರುವ ಮುದ್ರೆ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎನ್ನುವ ‘ನೈಟ್ರೊ’ ಎಂಬ ಪದ, ತೋಟಾ ಮನೆಯ ಉದ್ದ ಅಲ್ಲಿಯೇ ಇರಬಹುದು. ಏನೂ ಇಲ್ಲದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿ ಅಳೆಸಬೇಕು.

ಇನ್ನೊಂದು ಅಪಾಯ ಎರಡು ಬೋರ್ ಇರುವ ಮನೆಗಳದ್ದು. 20 ಬೋರಿನ ತೋಟಾ 12 ಬೋರಿನ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹೊಡೆಯಲಿಲ್ಲವಲ್ಲ ಎಂದು ಹಿಂದಿನಿಂದ 12ರ ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕಾಗಿಯೇ.

ನಳಿಗೆ ಉದ್ದವಾದಷ್ಟೂ ಹೊಡೆತ ದೂರ ಎಂಬ ನಂಬಿಕೆ ಕಪ್ಪು ಮದ್ದಿನ ಕಾಲದ್ದು. ಇಂದಿನ ತೋಟಾದಲ್ಲಿ ನಾಲ್ಕು ಇಂಚಿನಿಂದ ಆಗುವ ವ್ಯತ್ಯಾಸ ಅತ್ಯಲ್ಪ. ಚರೆ ಎಷ್ಟು ಹರಡಬೇಕೆಂದು ತೀರ್ಮಾನಿಸುವುದು ನಳಿಗೆಯ ತುದಿಯ ಇಕ್ಕಟ್ಟು, ಅಂದರೆ ಚೋಕ್. ಫುಲ್ ಚೋಕ್ ಇದ್ದರೆ 40 ಗಜ ದೂರದ 30 ಇಂಚಿನ ವೃತ್ತದಲ್ಲಿ ಸುಮಾರು ಶೇಕಡಾ 70ರಷ್ಟು ಚರೆ ಬೀಳುತ್ತದೆ, ಚೋಕ್ ಇಲ್ಲದಿದ್ದರೆ 40. ಉದ್ದ ಜಾಸ್ತಿಯಾಯಿತೆಂದು ಮನೆಯಲ್ಲಿ ಗರಗಸ ಹಿಡಿಯುವಂತಿಲ್ಲ. ಅನುಮತಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದು ಅದೇ 1959ರ ಕಾಯ್ದೆಯಲ್ಲಿ ಅಪರಾಧ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಕೋವಿ ಸಿಗುವುದು ಅಂಗಡಿಯಿಂದಲ್ಲ, ಮನೆಯಿಂದ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದರೆ, ತಾವು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಿಸಬಹುದು. ಹೊರಗಿನವರಿಂದ ಹಳೆಯದನ್ನು ಕೊಳ್ಳುವುದಾದರೆ ಮಾರುವವರು ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೋ ಪೊಲೀಸ್ ಠಾಣೆಗೋ ಬರೆದು ತಿಳಿಸಿ, 45 ದಿನ ಕಾಯಬೇಕು. ಕಾಯಲು ಒಪ್ಪದವರು ಹೇಳುವ ಅಗ್ಗದ ಬೆಲೆಗೆ ಕಿವಿಗೊಡುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬ ಪರವಾನಗಿದಾರರಿಗೆ ಎರಡೇ ಕೋವಿ. ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿದೆ. ಬಜೆಟ್ ಹಾಕುವಾಗ ಶುಲ್ಕ, ತೋಟಾ, ಬೀಗವಿರುವ ಕಬ್ಬಿಣದ ಬೀರು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠೇವಣಿ ಇಡಲು ಠಾಣೆಗೆ ತಿರುಗುವ ಖರ್ಚು ಎಲ್ಲವನ್ನೂ ಸೇರಿಸಿಕೊಳ್ಳಬೇಕು.

ಮುಂದಿನ ಕೈಲ್‌ಪೊಳ್ದಿಗೆ ಅಜ್ಜನ ಕೋವಿಯನ್ನು ಒರೆಸಲು ಕೆಳಗಿಳಿಸಿದಾಗ ನಳಿಗೆ ಬಿಚ್ಚಿ ಬುಡ ತಿರುಗಿಸಿ ನೋಡಿ. ಅಲ್ಲಿ ಎರಡೂವರೆ ಇಂಚು ಎಂದಿದ್ದರೆ 70 ಮಿ.ಮೀ. ತೋಟಾದ ಡಬ್ಬಿಯನ್ನು ಆ ಕೋವಿಯ ಹತ್ತಿರ ಇಡಬೇಡಿ.