ಆಪರೇಷನ್‌ಗೆ ವಿಮೆ ಇದೆ, ಆಮೇಲಿನ ಊಟಕ್ಕೆ?

"ಆಪರೇಷನ್ ಮಾಡಿಸ್ಕೊಂಡ್ರಲ್ಲ, ಮತ್ಯಾಕೆ ದಪ್ಪ ಆಗ್ತಿದ್ದೀರಿ?" ಬೇರಿಯಾಟ್ರಿಕ್ ಸರ್ಜರಿ ಆಗಿ ನಾಲ್ಕೈದು ವರ್ಷ ಕಳೆದವರು ಮದುವೆಮನೆಗಳಲ್ಲಿ ಎದುರಿಸುವ ಪ್ರಶ್ನೆ ಇದು. ಬಾಯಿ ಕಟ್ಟೋಕೆ ಆಗಲಿಲ್ಲ ಅನ್ನೋ ತೀರ್ಪೂ ಅದರೊಳಗೇ ಇರುತ್ತೆ. ಆ ತೀರ್ಪು ಸರಿಯೇ?

ಸ್ಲೀವ್ ಸರ್ಜರಿಯಲ್ಲಿ ಜಠರದ ಶೇ. 75ರಿಂದ 80ರಷ್ಟನ್ನು ತೆಗೆದುಹಾಕಿ, ಬಾಳೆಹಣ್ಣಿನಾಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಇಂಜಿನಿಯರಿಂಗ್ ಓದಿದ ನನಗೆ ಮೊದಲು ಇದು ಟ್ಯಾಂಕ್ ಚಿಕ್ಕದು ಮಾಡಿದ ಹಾಗೆ ಕಂಡಿತ್ತು. ಆದರೆ ಇಲ್ಲಿ ಸೆನ್ಸರ್ ಕೂಡ ಬದಲಾಗುತ್ತೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಇಳಿಯುತ್ತೆ, ಸಾಕು ಎನ್ನುವ ಹಾರ್ಮೋನ್‌ಗಳು ಊಟದ ನಂತರ ಏರುತ್ತವೆ. ಅದಕ್ಕೇ ಮೊದಲ ವರ್ಷ ತೂಕ ಸರಸರನೆ ಇಳಿಯೋದು.

ಆಮೇಲೆ? ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಎಸ್‌ಒಎಸ್ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿತು. ಗ್ಯಾಸ್ಟ್ರಿಕ್ ಬೈಪಾಸ್ ಆದವರ ತೂಕ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32 ಇಳಿದಿತ್ತು. ಹತ್ತನೇ ವರ್ಷಕ್ಕೆ ಆ ಇಳಿಕೆ ಶೇ. 25ಕ್ಕೆ ಬಂದಿತ್ತು. ಅಂದರೆ ಸ್ವಲ್ಪ ತೂಕ ಮರಳುವುದು ಸಾಮಾನ್ಯ ಸಂಗತಿ. ಸರ್ಜರಿ ಮಾಡಿಸಿಕೊಳ್ಳದವರ ತೂಕವಂತೂ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಎಷ್ಟು ಮರಳುತ್ತೆ ಅನ್ನೋದರಲ್ಲಿ ಊಟದ ಪಾತ್ರ ದೊಡ್ಡದು. ಒಂದೇ ಸಲಕ್ಕೆ ಹೆಚ್ಚು ತಿನ್ನೋಕೆ ಆಗಲ್ಲ ನಿಜ, ಆದರೆ ದಿನವಿಡೀ ಸ್ವಲ್ಪಸ್ವಲ್ಪ ಮೆಲ್ಲೋಕೆ ಅಡ್ಡಿಯಿಲ್ಲ. ಟೀ ಜೊತೆ ಬಿಸ್ಕೆಟ್, ಸಂಜೆ ಚಿಪ್ಸ್, ಮಧ್ಯೆ ಜ್ಯೂಸ್: ಇವೆಲ್ಲ ಚಿಕ್ಕ ಹೊಟ್ಟೆಯಲ್ಲೂ ಸಲೀಸಾಗಿ ಜಾರಿಹೋಗುತ್ತವೆ. ಹೊಟ್ಟೆ ತುಂಬಲ್ಲ, ಕ್ಯಾಲೊರಿ ತುಂಬುತ್ತೆ.

ಹಾಗಾಗಿಯೇ ಡಯಟಿಷಿಯನ್‌ಗಳು ಹೇಳುವುದು: ಪ್ರೋಟೀನ್ ಮೊದಲು, ಅನ್ನ ಕೊನೆಗೆ. ನಿಧಾನವಾಗಿ ಅಗಿದು ತಿನ್ನಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರೋದು ಸುಮಾರು 6 ಗ್ರಾಂ. ಅನ್ನ-ಸಾರಿನಿಂದಲೇ ಶುರುವಾಗುವ ನಮ್ಮ ತಟ್ಟೆಯಲ್ಲಿ ಮೊದಲ ನಾಲ್ಕು ತುತ್ತಿಗೇ ಜಾಗ ಮುಗಿದರೆ, ಕಾಳಿನ ಪಲ್ಯ, ಮೊಟ್ಟೆ, ಮೀನು ಹೋಗೋದೆಲ್ಲಿಗೆ? ಜೊತೆಗೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ ಬೇಕು, ಆಗಾಗ ರಕ್ತಪರೀಕ್ಷೆಯೂ ಬೇಕು.

ಇದನ್ನೆಲ್ಲ ಪಾಲಿಸೋಕೆ ಮನೋಬಲದ ಜೊತೆಗೆ ಸಮಯ ಮತ್ತು ದುಡ್ಡೂ ಬೇಕು. ನೈಟ್ ಶಿಫ್ಟ್‌ನ ಹುಡುಗನಿಗೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ಗೃಹಿಣಿಗೆ "ದಿನಕ್ಕೆ ಆರು ಸಲ, ಅಳತೆ ಮಾಡಿ ತಿನ್ನಿ" ಅನ್ನೋದು ಸುಲಭ.

ವ್ಯವಸ್ಥೆಯ ಲೆಕ್ಕ ತಪ್ಪೋದು ಇಲ್ಲೇ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ರೂಪಿಸಿದ ಮಾದರಿ ನಿಯಮದ ಪ್ರಕಾರ, ಬೇರೆ ದಾರಿ ಫಲಿಸದೆ, ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಗಂಭೀರ ಕಾಯಿಲೆಗಳಿದ್ದರೆ, ವೈದ್ಯರ ಸಲಹೆಯ ಮೇರೆಗೆ ಮಾಡಿಸಿಕೊಂಡ ಸರ್ಜರಿಯನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ. ಒಳ್ಳೆಯದೇ. ಆದರೆ ಡಿಸ್ಚಾರ್ಜ್ ನಂತರದ ಖರ್ಚು ಸಾಮಾನ್ಯವಾಗಿ ಸಿಗೋದು 60 ಅಥವಾ 90 ದಿನ. ತೂಕ ಮರಳೋಕೆ ಶುರುವಾಗೋದು ಒಂದೆರಡು ವರ್ಷದ ಮೇಲೆ. ಆ ಹೊತ್ತಿಗೆ ಡಯಟಿಷಿಯನ್ ಫೀಸು, ಮಾತ್ರೆ, ರಕ್ತಪರೀಕ್ಷೆ ಎಲ್ಲವೂ ಸ್ವಂತ ಜೇಬಿನಿಂದ.

ಸರ್ಜರಿಗೆ ಲಕ್ಷಗಟ್ಟಲೆ ಕೊಡುವ ಪಾಲಿಸಿ, ವರ್ಷಕ್ಕೆರಡು ಬಾರಿಯಾದರೂ ಡಯಟಿಷಿಯನ್ ಭೇಟಿಗೆ ಯಾಕೆ ಕೊಡಬಾರದು? ಮದುವೆಮನೆಯ ಪ್ರಶ್ನೆಯನ್ನು ವಿಮಾ ಕಂಪನಿಗಳಿಗೆ, ಸರ್ಕಾರಕ್ಕೆ ಕೇಳೋಣ. ಆಪರೇಷನ್ ಆದವರನ್ನಂತೂ ನೆಮ್ಮದಿಯಾಗಿ ಊಟ ಮಾಡೋಕೆ ಬಿಡೋಣ.